ಕಡಲ ನೀರಿನ ಪೊರೆಯೂ ಅದರ ಕೊಳೆಯೂ

೧

ಸಮುದ್ರತೀರದಲ್ಲಿ ನಿಂತು ನೋಡುವವನಿಗೆ ಲೋಕದಲ್ಲಿ ನೀರಿಗೆ ಬರವುಂಟೆಂಬ ಮಾತು ನಂಬತಕ್ಕುದಾಗಿ ತೋರುವುದಿಲ್ಲ. ಕಣ್ಣು ಹರಿಯುವವರೆಗೂ ನೀರೇ ನೀರು. ಆದರೆ ಅದರಲ್ಲಿ ಒಂದು ಬೊಗಸೆಯಷ್ಟನ್ನಾದರೂ ಕುಡಿದು ಬಾಯಾರಿಕೆಯನ್ನು ತೀರಿಸಿಕೊಳ್ಳುವಂತಿಲ್ಲ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳು ಕರಗಿರುತ್ತವೆ. ಅಷ್ಟು ಲವಣವನ್ನು ಹೊರಕ್ಕೆ ಹಾಕುವುದಕ್ಕೆ ಶರೀರವು ತಾನು ಕುಡಿದುದಕ್ಕಿಂತಲೂ ಹೆಚ್ಚು ನೀರನ್ನು ವೆಚ್ಚಮಾಡಬೇಕಾಗುತ್ತದೆ. ಆದಕಾರಣ ಕುಡಿದಷ್ಟೂ ದಾಹವು ಹೆಚ್ಚುತ್ತದೆ.

ಈ ಉಪ್ಪನ್ನು ನೀರಿನಿಂದ ಬೇರ್ಪಡಿಸಬೇಕೆಂಬ ಆಸೆಯು ಬಹು ಪುರಾತನವಾದುದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿದ್ದ ಗ್ರೀಸ್ ದೇಶದ ಅರಿಸ್ಟಾಟಲನು ಈ ವಿಷಯದಲ್ಲಿ ಎರಡು ಮಾತುಗಳನ್ನು ಬರೆದಿದ್ದಾನೆ. ಕಡಲ ನೀರು ಆವಿಯಾಗಿ ಮತ್ತೆ ನೀರಾದರೆ ಅದು ಸಿಹಿಯಾಗಿರುತ್ತದೆಂಬುದು ಮೊದಲನೆಯದು. ಮೇಣದ ಪಾತ್ರೆಯೊಂದರ ಬಾಯನ್ನು ಕಟ್ಟಿ ಸಮುದ್ರದೊಳಗೆ ಇಳಿಬಿಟ್ಟರೆ, ಮೇಣದ ಗೋಡೆಯ ಮೂಲಕ ಒಳಕ್ಕೆ ಜಿನುಗಿದ ನೀರು ಸಿಹಿಯಾಗಿರುತ್ತದೆಂಬುದು ಎರಡನೆಯದು. ಮೊದಲನೆಯ ಮಾತು ನಿಜ, ಎರಡನೆಯದು ನಿಜವಲ್ಲ. ಆದರೂ ನೀರನ್ನು ಮಾತ್ರ ಬಿಟ್ಟು ಉಪ್ಪನ್ನು ತಡೆಯುವಂಥ ಒಂದು ಗೋಡೆ ಇರಬಹುದೆಂಬ ಊಹೆ ಆ ತಪ್ಪು ಮಾತಿನೊಳಗೆ ಅಡಗಿದ್ದಿತು. ಆ ಊಹೆ ನಿಜವಾಗುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕಾಲ ಹಿಡಿಯಿತು.

ಈ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಂಥ ಗೋಡೆಯನ್ನು, ಎಂದರೆ ಪೊರೆಯನ್ನು, ಕಂಡುಹಿಡಿದ ದಿನಕ್ಕೆ ಬಂದು ಲೇಖನಿಯನ್ನು ಕೆಳಗಿಡುತ್ತಾರೆ. ಆದರೆ ನಿಜವಾದ ಕಷ್ಟವು ಪ್ರಾರಂಭವಾದುದು ಆ ದಿನದಿಂದಲೇ. ಮನೆಯನ್ನು ಕಟ್ಟಿಸಿದವನ ಹೆಸರು ಬಾಗಿಲ ಮೇಲಣ ಕಲ್ಲಿನಲ್ಲಿರುತ್ತದೆ. ದಿನವೂ ಕಸ ಗುಡಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಹಾಗಿದ್ದರೂ ಮನೆಯು ವಾಸಕ್ಕೆ ಯೋಗ್ಯವಾಗಿ ಉಳಿಯುವುದು ಎರಡನೆಯವರಿಂದಲೇ. ಪೊರೆಗೆ ಕೊಳೆ ಹಿಡಿಯುವುದನ್ನು ಕಂಡುಹಿಡಿಯಲೂ ಅದನ್ನು ತೊಳೆಯಲೂ ಮನುಷ್ಯನು ಕಲಿತ ಬಗೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

೨

ಮೊದಲು ಆವಿಯ ಮಾರ್ಗವನ್ನು ಸ್ವಲ್ಪದರಲ್ಲಿ ಹೇಳಿಬಿಡೋಣ. ನೀರನ್ನು ಕಾಯಿಸಿ ಆವಿಯನ್ನು ತಣಿಸುವ ಉಪಾಯವನ್ನು ನಾವಿಕರು ಬಹುಕಾಲದಿಂದ ಬಲ್ಲವರಾಗಿದ್ದರು. ೧೭೭೨ರಲ್ಲಿ ಎರಡನೆಯ ಯಾತ್ರೆಗೆ ಹೊರಟ ಕ್ಯಾಪ್ಟನ್ ಕುಕ್ಕರ ಹಡಗುಗಳಲ್ಲಿ ಅರ್ವಿಂಗ್ ಎಂಬವರು ಯೋಜಿಸಿದ ಬಟ್ಟಿಯ ಉಪಕರಣವಿದ್ದಿತು. ಉಗಿಹಡಗುಗಳ ಕಾಲದಲ್ಲಿ ಈ ವಿದ್ಯೆ ಬಹಳ ಬೆಳೆಯಿತು. ಆದರೆ ಕಾದ ಕೊಳವೆಗಳ ಮೈಗೆ ಸುಣ್ಣದ ಹಕ್ಕಳೆ ಕಟ್ಟಿಕೊಳ್ಳುತ್ತಿದ್ದುದರಿಂದ ಶಾಖವು ನೀರನ್ನು ಸೇರದೆ ಸೌದೆಯೂ ಕಲ್ಲಿದ್ದಲೂ ವ್ಯರ್ಥವಾಗುತ್ತಿದ್ದುವು. ಗಡಸು ನೀರಿನ ಊರುಗಳಲ್ಲಿ ಬಚ್ಚಲ ಹಂಡೆಯ ಒಳಮೈಗೆ ಬೆಳ್ಳಗೆ ಕಟ್ಟುವುದೂ ಇದೇ ಪದಾರ್ಥವೇ. ಪೊರೆ ಹುಟ್ಟುವುದಕ್ಕೆ ಮುಂಚೆಯೇ ಕೊಳೆಯು ಈ ಕಥೆಯೊಳಕ್ಕೆ ಪ್ರವೇಶಮಾಡಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಪೊರೆಯ ವಿಷಯ. ೧೭೪೮ರಲ್ಲಿ ಫ್ರಾನ್ಸ್ ದೇಶದ ನೊಲೆ ಎಂಬ ಪಾದ್ರಿಗಳು ಒಂದು ಪಾತ್ರೆಯಲ್ಲಿ ಮದ್ಯಸಾರವನ್ನು ತುಂಬಿ, ಅದರ ಬಾಯಿಗೆ ಹಂದಿಯ ಮೂತ್ರಕೋಶದ ಚರ್ಮವನ್ನು ಬಿಗಿದು, ನೀರಿನಲ್ಲಿ ಮುಳುಗಿಸಿಟ್ಟರು. ಹೊರಗಣ ನೀರು ಒಳಕ್ಕೆ ನುಗ್ಗಿ ಚರ್ಮವು ಉಬ್ಬಿಕೊಂಡಿತು. ಮದ್ಯಸಾರವು ಹೊರಕ್ಕೆ ಬರುವುದಕ್ಕಿಂತ ನೀರು ಒಳಕ್ಕೆ ಹೋಗುವುದು ಸುಲಭವಾಗಿದ್ದಿತು. ನಮ್ಮ ಮನೆಗಳಲ್ಲಿ ಇದನ್ನು ನೋಡದವರಿಲ್ಲ: ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಉಬ್ಬುತ್ತದೆ, ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಪೊರೆಯ ಎರಡು ಕಡೆಗಳಲ್ಲಿ ಯಾವ ಕಡೆ ಕರಗಿದ ಪದಾರ್ಥ ಹೆಚ್ಚೋ ಆ ಕಡೆಗೆ ನೀರು ಹರಿಯುವ ಈ ಸ್ವಭಾವಕ್ಕೆ ಅಭಿಸರಣವೆಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ದ್ಯುತ್ರೋಶೆ, ಜರ್ಮನಿಯ ಟ್ರಾಬೆ ಮತ್ತು ಫೆಫರ್ ಎಂಬವರು ಇದನ್ನು ಶೋಧಿಸಿದರು. ೧೮೭೭ರಲ್ಲಿ ಫೆಫರ್ ಪ್ರಕಟಿಸಿದ ಅಳತೆಗಳನ್ನಾಧರಿಸಿ ಹಾಲೆಂಡಿನ ವಾಂಟ್ ಹಾಫ್ ಅದರ ಗಣಿತವನ್ನು ಸ್ಥಾಪಿಸಿದರು. ರಸಾಯನಶಾಸ್ತ್ರಕ್ಕೆ ಕೊಟ್ಟ ಮೊತ್ತಮೊದಲಿನ ನೊಬೆಲ್ ಬಹುಮಾನವು ೧೯೦೧ರಲ್ಲಿ ಅವರಿಗೆ ಸಂದಿತು.

ಆ ಗಣಿತದ ಪ್ರಕಾರ ಸಿಹಿನೀರು ಕಡಲ ನೀರಿನ ಕಡೆಗೆ ಹರಿಯುವ ಒತ್ತಡವು ಸುಮಾರು ೨೭ ವಾಯುಭಾರಗಳಷ್ಟಾಗುತ್ತದೆ. ಕಡಲ ನೀರಿನ ಮೇಲೆ ಅದಕ್ಕಿಂತ ಹೆಚ್ಚಿನ ಒತ್ತಡವನ್ನು ಹಾಕಿದರೆ ಹರಿವು ಹಿಂದಿರುಗಿ, ನೀರು ಉಪ್ಪನ್ನು ಬಿಟ್ಟು ಈ ಕಡೆಗೆ ಬರತಕ್ಕುದು. ಇದೇ ವಿಲೋಮ ಅಭಿಸರಣ; ಈಗ ಮನೆಮನೆಯಲ್ಲಿಯೂ ಆರ್.ಒ. ಎಂಬ ಎರಡಕ್ಷರಗಳಿಂದ ಪರಿಚಿತವಾಗಿರುವುದು ಇದೇ. ನೀರು ತೆಗೆದಂತೆಲ್ಲ ಉಳಿದುದು ಇನ್ನೂ ಉಪ್ಪಾಗುವುದರಿಂದ ಕಾರ್ಯತಃ ೫೫ರಿಂದ ೭೦ ವಾಯುಭಾರಗಳವರೆಗೂ ಒತ್ತಬೇಕಾಗುತ್ತದೆ.

ಇದಕ್ಕೆ ತಕ್ಕ ಪೊರೆ ಬೇಕಾಗಿತ್ತು. ಅಮೆರಿಕಾದ ಫ್ಲಾರಿಡಾ ವಿಶ್ವವಿದ್ಯಾನಿಲಯದ ರೀಡ್ ಮತ್ತು ಬ್ರೆಟನ್ ಎಂಬವರು, ಛಾಯಾಚಿತ್ರದ ಫಿಲ್ಮುಗಳಿಗೆ ಉಪಯೋಗಿಸುತ್ತಿದ್ದ ಸೆಲ್ಯುಲೋಸ್ ಅಸಿಟೇಟಿನ ಹಾಳೆಯು ಉಪ್ಪನ್ನು ತಡೆಯುತ್ತದೆಂದು ೧೯೫೯ರಲ್ಲಿ ಪ್ರಕಟಿಸಿದರು. ಆದರೆ ಅದರಿಂದ ಇಳಿಯುತ್ತಿದ್ದ ನೀರು ತೀರ ಅಲ್ಪ. ಅದೇ ಸಮಯದಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸಿಡ್ನಿ ಲೋಬ್ ಎಂಬವರೂ, ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಎಂಬವರೂ ಅದೇ ಪದಾರ್ಥದ ಮೇಲೆ ಪ್ರಯೋಗ ನಡೆಸುತ್ತಿದ್ದರು. ಅವರಿಗೊಂದು ವಿಚಿತ್ರ ಕಾಣಿಸಿತು. ಒಂದು ಹಾಳೆಯ ಒಂದು ಮುಖವನ್ನು ಉಪ್ಪುನೀರಿನ ಕಡೆಗಿಟ್ಟರೆ ಕೆಲಸವು ಸಾಗುತ್ತಿದ್ದಿತು. ಅದನ್ನೇ ಮಗುಚಿ ಇಟ್ಟರೆ ಸಾಗುತ್ತಿರಲಿಲ್ಲ. ಹಾಳೆಯ ಒಂದು ಮೈ ಮಾತ್ರ ಬಿಗಿಯಾದ ತೆಳು ತೊಗಲಿನಂತೆಯೂ, ಉಳಿದ ಭಾಗವು ಸಡಿಲವಾದ ಸ್ಪಂಜಿನಂತೆಯೂ ಇದ್ದುದೇ ಇದರ ರಹಸ್ಯ. ಇದನ್ನರಿತು ಅವರು ತಾವೇ ಅಂಥ ಪೊರೆಯನ್ನು ಮಾಡಲಾಗಿ, ನೀರಿನ ಹರಿವು ಹಿಂದಿನದಕ್ಕಿಂತ ಹತ್ತು ಮಡಿಗೂ ಮೇಲಾಯಿತು. ೧೯೬೫ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಸಣ್ಣ ಊರಿನಲ್ಲಿ ಈ ಪೊರೆಯಿಂದ ಸೋಸಿದ ನೀರನ್ನು ಜನರು ಕುಡಿದರು. ಅದು ಸವುಳು ನೆಲದ ನೀರು. ಕಡಲ ನೀರನ್ನೇ ದೊಡ್ಡ ಪ್ರಮಾಣದಲ್ಲಿ ಸೋಸುವ ಸ್ಥಾವರವು ೧೯೭೮ರ ಸುಮಾರಿಗೆ ಅರೇಬಿಯಾದ ಜೆಡ್ಡಾ ನಗರದಲ್ಲಿ ಎದ್ದಿತು. ಅದೇ ಕಾಲದಲ್ಲಿ ಮಿನಿಯಾಪೊಲಿಸಿನ ಜಾನ್ ಕಡಾಟೆ ಎಂಬವರು ಪಾಲಿಅಮೈಡ್ ಎಂಬ ಪದಾರ್ಥದ ಅತಿ ತೆಳುವಾದ ಪೊರೆಯನ್ನು ಸಿದ್ಧಪಡಿಸಿದರು. ಇಂದು ಸಮುದ್ರದ ನೀರನ್ನು ಸೋಸುತ್ತಿರುವುದು ಬಹುಮಟ್ಟಿಗೆ ಆ ಜಾತಿಯ ಪೊರೆಯೇ.

೩

ಈ ಪೊರೆಯನ್ನು ಉಪಯೋಗಿಸುವ ಬಗೆಯನ್ನು ತಿಳಿಯದೆ ಕೊಳೆಯ ಕಥೆಯು ತಿಳಿಯದು. ಎರಡು ಪೊರೆಗಳ ನಡುವೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಪ್ಲಾಸ್ಟಿಕ್ಕಿನ ಬಲೆಯನ್ನಿಟ್ಟು, ಚಾಪೆಯನ್ನು ಸುತ್ತುವಂತೆ ಒಂದು ನಡುಗೊಳವೆಯ ಸುತ್ತ ಸುತ್ತುತ್ತಾರೆ. ಇಂಥ ಆರೇಳು ಸುರುಳಿಗಳನ್ನು ಒಂದರ ಹಿಂದೊಂದರಂತೆ ಉದ್ದವಾದ ಕೊಳಾಯಿಯೊಳಕ್ಕೆ ಸೇರಿಸುತ್ತಾರೆ. ಕಡಲ ನೀರು ಬಲೆಯ ಸಂದಿನಲ್ಲಿ ಹರಿಯುತ್ತದೆ. ಪೊರೆಯನ್ನು ದಾಟಿದ ಸಿಹಿನೀರು ನಡುಗೊಳವೆಯನ್ನು ಸೇರುತ್ತದೆ. ಒಮ್ಮೆ ಒಳಗಿಟ್ಟ ಮೇಲೆ ಪೊರೆಯ ಮೇಲೆ ಏನಾಗುತ್ತಿದೆಯೆಂಬುದು ಯಾರ ಕಣ್ಣಿಗೂ ಕಾಣುವುದಿಲ್ಲ.

ಕಾಣದ ಆ ಎಡೆಯಲ್ಲಿ ನಾಲ್ಕು ಬಗೆಯ ಕೊಳೆ ಸೇರುತ್ತದೆ. ನೀರು ಹೋಗಿ ಲವಣವು ದಟ್ಟವಾದಾಗ ಹರಳುಗಟ್ಟುವ ಹಕ್ಕಳೆ ಒಂದು. ಜೇಡಿ, ಮರಳಿನ ನವುರು, ಕಬ್ಬಿಣದ ತುಕ್ಕು ಮೊದಲಾದ ಕೆಸರು ಎರಡನೆಯದು. ಸತ್ತ ಗಿಡಗಳಿಂದಲೂ ಜೀವಿಗಳಿಂದಲೂ ಬಂದು ನೀರಿನಲ್ಲಿ ಕರಗಿದ ಸೇಂದ್ರಿಯ ಪದಾರ್ಥಗಳು ಮೂರನೆಯವು. ನಾಲ್ಕನೆಯದು ಜೀವವಿರುವ ಕೊಳೆ: ಸೂಕ್ಷ್ಮಜೀವಿಗಳು ಪೊರೆಗೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯನ್ನು ಸುರಿಸಿ ಅದರಲ್ಲಿ ಸಂಸಾರ ಹೂಡುತ್ತವೆ. ಮಳೆಗಾಲದಲ್ಲಿ ಬಾವಿಕಟ್ಟೆಯ ಕಲ್ಲಿನ ಮೇಲೆ ಕಾಲು ಜಾರಿಸುವ ಪಾಚಿಯ ಲೋಳೆಯನ್ನು ನೆನೆದುಕೊಂಡರೆ ಇದರ ಸ್ವರೂಪವು ತಿಳಿಯುತ್ತದೆ. ಒಳನಾಡಿನ ಗಡಸು ನೀರಿನಲ್ಲಿ ಹಕ್ಕಳೆಯ ಭಯ ಹೆಚ್ಚು. ಸಮುದ್ರದಲ್ಲಿ ಲೋಳೆಯ ಭಯ ಹೆಚ್ಚು.

ಕೊಳೆ ಹಿಡಿದ ಪೊರೆಯಿಂದ ಮೊದಲಿನಷ್ಟು ನೀರು ಬರಬೇಕಾದರೆ ಒತ್ತಡವನ್ನು ಏರಿಸಬೇಕು. ಒಂದು ಘನ ಮೀಟರು, ಎಂದರೆ ಸಾವಿರ ಲೀಟರು, ಕಡಲ ನೀರನ್ನು ಸಿಹಿಮಾಡುವುದಕ್ಕೆ ಒಳ್ಳೆಯ ಸ್ಥಾವರದಲ್ಲಿಯೂ ೩ರಿಂದ ೪ ಯೂನಿಟ್ ವಿದ್ಯುತ್ತು ಬೇಕಾಗುತ್ತದೆ. ಕೊಳೆಯಿಂದ ಅದು ಏರಿದರೆ ಆ ವೆಚ್ಚವು ಕೊನೆಗೆ ಬೀಳುವುದು ಕೊಡವನ್ನು ಹಿಡಿದು ನಲ್ಲಿಯ ಮುಂದೆ ನಿಂತವರ ಮೇಲೆಯೇ. ಆದಕಾರಣ ಕೊಳೆಯ ಪ್ರಶ್ನೆಯು ಇಂಜಿನಿಯರರ ಕೋಣೆಯೊಳಗಿನ ಪ್ರಶ್ನೆ ಮಾತ್ರವೆಂದು ತಿಳಿಯಲಾಗದು.

೪

ಕಾಣದ ರೋಗವನ್ನು ಕಂಡುಹಿಡಿಯುವುದು ಹೇಗೆ? ವೈದ್ಯನು ಹೊಟ್ಟೆಯನ್ನು ಕೊಯ್ದು ನೋಡುವುದಕ್ಕೆ ಮೊದಲು ನಾಡಿಯನ್ನು ಹಿಡಿದು ನೋಡುತ್ತಾನೆ. ಇಲ್ಲಿಯೂ ಕ್ರಮವು ಹಾಗೆಯೇ.

ಮೊದಲನೆಯ ಪರೀಕ್ಷೆಯು ಒಳಕ್ಕೆ ಬರುವ ನೀರಿನದು. ಸುರುಳಿಗಿಂತ ಭಿನ್ನವಾಗಿ, ಕೂದಲಿನಂಥ ಟೊಳ್ಳು ಎಳೆಗಳನ್ನು ಲಕ್ಷಗಟ್ಟಲೆ ಒತ್ತಾಗಿ ಕಟ್ಟಿದ ಪೊರೆಗಳನ್ನು ಡ್ಯೂಪಾಂಟ್ ಸಂಸ್ಥೆಯು ೧೯೭೦ರ ದಶಕದಲ್ಲಿ ಮಾರುತ್ತಿದ್ದಿತು. ಅವುಗಳ ಸಂದುಗಳು ಬಹು ಬೇಗ ಕಟ್ಟಿಕೊಳ್ಳುತ್ತಿದ್ದುದರಿಂದ ನೀರಿನ ಯೋಗ್ಯತೆಯನ್ನು ಮುಂದಾಗಿಯೇ ಅಳೆಯುವ ಸುಲಭೋಪಾಯವು ಅವಶ್ಯವಾಯಿತು. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನೆಂದು ಹೆಸರು, ೦.೪೫ ಮೈಕ್ರಾನಿನ ರಂಧ್ರಗಳುಳ್ಳ ಸಣ್ಣ ಶೋಧಕ ಬಿಲ್ಲೆಯ ಮೂಲಕ ಗೊತ್ತಾದ ಒತ್ತಡದಲ್ಲಿ ನೀರನ್ನು ಬಿಟ್ಟು, ಮೊದಲ ೫೦೦ ಮಿಲಿಲೀಟರು ಇಳಿಯುವುದಕ್ಕೆ ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ. ನೀರನ್ನು ಹಾಗೆಯೇ ಹರಿಯಬಿಟ್ಟು, ೧೫ ನಿಮಿಷಗಳಾದ ಮೇಲೆ ಮತ್ತೆ ೫೦೦ ಮಿಲಿಲೀಟರಿಗೆ ಎಷ್ಟು ಹೊತ್ತಾಗುತ್ತದೆಂದು ನೋಡುತ್ತಾರೆ. ಮೊದಲು ೩೦ ಸೆಕೆಂಡುಗಳೂ ಆಮೇಲೆ ೬೦ ಸೆಕೆಂಡುಗಳೂ ಹಿಡಿದುವೆನ್ನೋಣ. ಆಗ ಬಿಲ್ಲೆಯು ನೂರಕ್ಕೆ ೫೦ ಪಾಲು ಕಟ್ಟಿಕೊಂಡಿತು. ಅದನ್ನು ೧೫ರಿಂದ ಭಾಗಿಸಿದರೆ ೩.೩ ಬರುತ್ತದೆ. ಇದೇ ಕೆಸರಿನ ಸೂಚ್ಯಂಕ. ಅದು ೫ನ್ನು ಮೀರಕೂಡದು. ೩ಕ್ಕಿಂತ ಕಡಿಮೆಯಿದ್ದರೆ ಕ್ಷೇಮ. ಈ ಅಂಕವು ಕೆಸರಿನ ಪ್ರಮಾಣಕ್ಕೆ ಸರಿಸಮನಾಗಿ ಏರುವುದಿಲ್ಲವೆಂಬ ಕುಂದನ್ನು ಕಂಡು, ಹಾಲೆಂಡಿನ ಶಿಪ್ಪರ್ಸ್ ಮತ್ತು ವರ್ಡೌ ಎಂಬವರು ೧೯೮೦ರಲ್ಲಿ ಅದನ್ನು ತಿದ್ದಿ ಇನ್ನೊಂದು ಸೂಚ್ಯಂಕವನ್ನು ಕೊಟ್ಟರು.

ಎರಡನೆಯ ಪರೀಕ್ಷೆಯು ಯಂತ್ರದ ನಾಡಿ. ಸಿಹಿನೀರು ಎಷ್ಟು ಬರುತ್ತಿದೆ, ಅದರಲ್ಲಿ ಉಪ್ಪೆಷ್ಟು, ಕೊಳಾಯಿಯ ಈ ತುದಿಗೂ ಆ ತುದಿಗೂ ಒತ್ತಡದ ಅಂತರವೆಷ್ಟು ಎಂಬ ಮೂರು ಲೆಕ್ಕಗಳನ್ನು ದಿನವೂ ಬರೆದಿಡಬೇಕು. ಇಲ್ಲಿ ಒಂದು ಮೋಸವುಂಟು. ನೀರು ಒಂದು ಡಿಗ್ರಿ ಬೆಚ್ಚಗಾದರೆ ಪೊರೆಯಲ್ಲಿ ಅದರ ಹರಿವು ನೂರಕ್ಕೆ ಸುಮಾರು ೩ರಂತೆ ಹೆಚ್ಚುತ್ತದೆ. ಬೇಸಗೆಯಲ್ಲಿ ಸಮುದ್ರವು ಬೆಚ್ಚಗಾದಾಗ ಹರಿವು ತಾನಾಗಿಯೇ ಏರಬೇಕು. ಅದು ಏರದೆ ಇದ್ದಷ್ಟೇ ಇದ್ದರೆ, ನೋಡುವವನಿಗೆ ಎಲ್ಲವೂ ನೆಟ್ಟಗಿರುವಂತೆ ತೋರುತ್ತದೆ. ನಿಜವಾಗಿ ಕೊಳೆಯು ಒಳಗೆ ಬೆಳೆಯುತ್ತಿರುತ್ತದೆ. ಆದ್ದರಿಂದ ಉಷ್ಣತೆ, ಒತ್ತಡ, ಉಪ್ಪು ಇವುಗಳ ವ್ಯತ್ಯಾಸವನ್ನು ಕಳೆದು, ಎಲ್ಲ ದಿನಗಳ ಅಳತೆಗಳನ್ನೂ ಒಂದೇ ತಕ್ಕಡಿಗೆ ತಂದು ಹೋಲಿಸಬೇಕು. ಹೀಗೆ ಸಮೀಕರಿಸಿದ ಹರಿವು ನೂರಕ್ಕೆ ೧೦ರಿಂದ ೧೫ರಷ್ಟು ಇಳಿದರೆ, ಅಥವಾ ಒತ್ತಡದ ಅಂತರವು ಅಷ್ಟೇ ಏರಿದರೆ, ತೊಳೆಯುವ ಕಾಲ ಬಂದಿತೆಂದು ತಿಳಿಯತಕ್ಕುದು.

ಮೂರನೆಯದು ರೋಗದ ಸ್ಥಾನ. ಕೆಸರೂ ಲೋಳೆಯೂ ನೀರು ಮೊದಲು ತಾಗುವ ಸುರುಳಿಯಲ್ಲಿ ಹೆಚ್ಚು. ಹಕ್ಕಳೆಯು ನೀರು ಅತ್ಯಂತ ದಟ್ಟವಾಗುವ ಕಡೆಯ ಸುರುಳಿಯಲ್ಲಿ ಹೆಚ್ಚು. ನಡುಗೊಳವೆಯೊಳಕ್ಕೆ ಸಪೂರವಾದ ನಳಿಗೆಯನ್ನು ತೂರಿಸಿ ಅಲ್ಲಲ್ಲಿಯ ನೀರಿನ ಉಪ್ಪನ್ನು ಅಳೆದು ಯಾವ ಸುರುಳಿ ಕೆಟ್ಟಿದೆಯೆಂದು ಪತ್ತೆಮಾಡುತ್ತಾರೆ.

ಇಷ್ಟರಿಂದಲೂ ತಿಳಿಯದಿದ್ದರೆ ಕೊನೆಯ ಉಪಾಯವು ಶವಪರೀಕ್ಷೆ. ಒಂದು ಸುರುಳಿಯನ್ನು ಬಲಿಕೊಟ್ಟು, ಕೊಯ್ದು, ಬಿಚ್ಚಿ ಹಾಸುತ್ತಾರೆ. ಬಣ್ಣವನ್ನೂ ವಾಸನೆಯನ್ನೂ ನೋಡುತ್ತಾರೆ. ಕೆರೆದು ತೆಗೆದ ಕೊಳೆಯ ಮೇಲೆ ಒಂದು ತೊಟ್ಟು ಆಮ್ಲವನ್ನು ಬಿಟ್ಟಾಗ ನೊರೆಯೆದ್ದರೆ ಸುಣ್ಣದ ಹಕ್ಕಳೆ. ಕೆಂಗಂದು ಬಣ್ಣವಾಗಿದ್ದರೆ ಕಬ್ಬಿಣವೆಂದು ಶಂಕಿಸಬೇಕು. ಒಣಗಿಸಿ ಕುಲುಮೆಯಲ್ಲಿ ಸುಟ್ಟಾಗ ತೂಕವು ಬಹುಪಾಲು ಹೋದರೆ ಅದು ಸೇಂದ್ರಿಯ ಪದಾರ್ಥ ಅಥವಾ ಜೀವಿಗಳ ಲೋಳೆ.

೫

ಇನ್ನು ಈ ಚರಿತ್ರೆಯ ಅತ್ಯಂತ ಬೋಧಪ್ರದವಾದ ಭಾಗಕ್ಕೆ ಬರೋಣ. ಸೂಕ್ಷ್ಮಜೀವಿಗಳಿಂದ ಲೋಳೆಯಾಗುವುದಾದರೆ ಅವುಗಳನ್ನು ಕೊಂದುಬಿಟ್ಟರಾಯಿತಲ್ಲವೆ? ನಗರಗಳ ನೀರಿಗೆ ಕ್ಲೋರೀನನ್ನು ಬೆರಸಿ ಕಾಲರಾ ಮೊದಲಾದ ವ್ಯಾಧಿಗಳನ್ನು ತಡೆದವರಿಗೆ ಈ ಯೋಚನೆಯು ಸಹಜವಾಗಿಯೇ ಹೊಳೆಯಿತು. ಆದರೆ ಪಾಲಿಅಮೈಡಿನ ಪೊರೆಗೆ ಕ್ಲೋರೀನು ವಿಷಪ್ರಾಯ. ಅದು ತಗುಲಿದರೆ ಪೊರೆಯೇ ಒಡೆಯುತ್ತದೆ. ಆದಕಾರಣ ಸಮುದ್ರದಿಂದ ನೀರನ್ನೆತ್ತುವಲ್ಲಿ ಕ್ಲೋರೀನನ್ನು ಹಾಕುವುದು, ಪೊರೆಯ ಬಾಗಿಲಿಗೆ ಬಂದಾಗ ಸೋಡಿಯಂ ಬೈಸಲ್ಫೈಟನ್ನು ಬೆರಸಿ ಅದನ್ನು ನಿಷ್ಫಲಗೊಳಿಸುವುದು, ಹೀಗೆ ಒಂದು ಪದ್ಧತಿ ಬೆಳೆಯಿತು.

ಫಲವೇನಾಯಿತು? ಕ್ಲೋರೀನನ್ನು ನಿರಂತರವಾಗಿ ಹಾಕುತ್ತಿದ್ದ ಸ್ಥಾವರಗಳಲ್ಲಿಯೇ ಲೋಳೆಯು ದಟ್ಟವಾಗಿ ಬೆಳೆಯಿತು. ಇದಕ್ಕೆ ಎರಡು ಕಾರಣಗಳುಂಟು. ಒಂದು ಮಿಲಿಲೀಟರು ಕಡಲ ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಹತ್ತುಸಾವಿರಕ್ಕೊಂದನ್ನು ಉಳಿಸಿ ಮಿಕ್ಕವನ್ನೆಲ್ಲ ಕೊಂದರೂ ಮಿಲಿಲೀಟರಿಗೆ ನೂರು ಉಳಿದುವು. ಒಂದು ಘನ ಮೀಟರಿಗೆ ಹತ್ತು ಕೋಟಿಯಾಯಿತು. ಉಳಿದವು ಪೊರೆಯನ್ನು ಸೇರುವ ಹೊತ್ತಿಗೆ ಅಲ್ಲಿ ಕ್ಲೋರೀನಿರುವುದಿಲ್ಲ. ಇದು ಮೊದಲನೆಯದು. ಎರಡನೆಯದು ಇನ್ನೂ ಗಹನವಾದುದು. ನೀರಿನಲ್ಲಿ ಕರಗಿದ ಸೇಂದ್ರಿಯ ಪದಾರ್ಥದ ದೊಡ್ಡ ಅಣುಗಳನ್ನು ಬ್ಯಾಕ್ಟೀರಿಯಾಗಳು ಸುಲಭವಾಗಿ ತಿನ್ನಲಾರವು. ಕ್ಲೋರೀನು ಅವನ್ನು ಕತ್ತರಿಸಿ ತುತ್ತು ಮಾಡಿಕೊಡುತ್ತದೆ. ಹೀಗೆ ಶತ್ರುವನ್ನು ಕೊಲ್ಲಲು ಕಳುಹಿಸಿದ ದೂತನೇ ಉಳಿದ ಶತ್ರುಗಳಿಗೆ ಅಡಿಗೆಯವನಾದನು. ಕ್ಲೋರೀನನ್ನು ತೆಗೆದ ಮೇಲೆ ಜೀವಿಗಳು ಮತ್ತೆ ಬೆಳೆಯುವ ಈ ಸಂಗತಿಯನ್ನು ಆಪಲ್‌ಗೇಟ್, ಎರ್ಕೆನ್‌ಬ್ರೆಷರ್, ವಿಂಟರ್ಸ್ ಎಂಬವರು ೧೯೮೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಚರ್ಚಿಸಿದರು. ಅನಂತರ ಅನೇಕ ಸ್ಥಾವರಗಳಲ್ಲಿ ನಿರಂತರ ಕ್ಲೋರೀನನ್ನು ಬಿಟ್ಟು, ಆಗಾಗ ಸ್ವಲ್ಪಹೊತ್ತು ಮಾತ್ರ ಹಾಕುವ ಕ್ರಮವು ಬಂದಿತು. ಜೀವಿಗಳನ್ನು ಕೊಲ್ಲುವುದಕ್ಕಿಂತ ಅವುಗಳ ಆಹಾರವನ್ನು ತಪ್ಪಿಸುವುದು ಮೇಲೆಂಬ ತತ್ತ್ವವು ಕ್ರಮೇಣ ನೆಲೆಗೊಂಡಿತು.

ಆ ಆಹಾರದ ವಿಷಯದಲ್ಲಿಯೂ ಹೊಸ ತಿಳಿವಳಿಕೆ ಬಂದಿತು. ೧೯೯೩ರಲ್ಲಿ ಆಲ್‌ಡ್ರೆಜ್ ಮತ್ತು ಅವರ ಸಂಗಡಿಗರು, ಸಮುದ್ರದಲ್ಲಿ ಕಣ್ಣಿಗೆ ಕಾಣದ ಪಾರದರ್ಶಕವಾದ ಅಂಟುಕಣಗಳು ಹೇರಳವಾಗಿರುವುದನ್ನು ನೀಲಿಯ ಬಣ್ಣ ಹಾಕಿ ತೋರಿಸಿದರು. ಸೂಕ್ಷ್ಮ ಪಾಚಿಗಳು ಸುರಿಸಿದ ಲೋಳೆಯೇ ಇದು. ಈ ಕಣಗಳೇ ಪೊರೆಗೆ ಮೊದಲ ಅಂಟನ್ನು ಬಳಿದು ಬ್ಯಾಕ್ಟೀರಿಯಾಗಳಿಗೆ ನೆಲೆಯನ್ನು ಸಿದ್ಧಪಡಿಸುತ್ತಿರಬಹುದೆಂದು ಇಸ್ರೇಲಿನ ಬರ್ಮನ್ ಎಂಬವರು ೨೦೦೫ರಲ್ಲಿ ಸೂಚಿಸಿದರು. ಸಮುದ್ರಜೀವಿಗಳ ಶಾಸ್ತ್ರವೂ ನೀರು ಸೋಸುವ ವಿದ್ಯೆಯೂ ಹೀಗೆ ಒಂದೆಡೆಯಲ್ಲಿ ಕೂಡಿದುವು.

೬

ಈ ಪಾಠಗಳನ್ನು ಉಪೇಕ್ಷಿಸಿದಲ್ಲಿ ಏನಾಗುತ್ತದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ದಿನಕ್ಕೆ ೨.೫ ಕೋಟಿ ಗ್ಯಾಲನ್ ನೀರನ್ನು ಕೊಡುವಂತೆ ಕಟ್ಟಿದ ಸ್ಥಾವರವು ೨೦೦೩ರಲ್ಲಿ ಕೆಲಸಕ್ಕೆ ಪ್ರಾರಂಭಿಸಿತು. ಆದರೆ ಮೊದಲ ಸೋಸುವಿಕೆಯ ಏರ್ಪಾಡು ಸಾಲದೆಹೋಯಿತು. ಪೊರೆಯ ಮುಂದಿನ ಶೋಧಕಗಳು ಎಣಿಸಿದುದಕ್ಕಿಂತ ಬಹು ಬೇಗ ಕಟ್ಟಿಕೊಂಡುವು. ಪೊರೆಗಳಿಗೆ ಕೊಳೆ ಹಿಡಿಯಿತು. ಅಲ್ಲಿ ಕಾಟಕೊಟ್ಟವುಗಳಲ್ಲಿ ಒಂದು ಹಸುರು ಚಿಪ್ಪಿನ ಪ್ರಾಣಿ. ಅದು ಆ ಸಮುದ್ರದ್ದಲ್ಲ. ನಮ್ಮ ಕರಾವಳಿಯಲ್ಲಿ ಪಚ್ಚಿಲೆಯೆಂಬ ಹೆಸರಿನಿಂದ ಅಡಿಗೆಮನೆಯನ್ನು ಸೇರುವ ಪ್ರಾಣಿಯೇ ಅದು. ಏಷ್ಯದ ಸಮುದ್ರಗಳಿಂದ ಹೇಗೋ ವಲಸೆಹೋಗಿ ೧೯೯೯ರಲ್ಲಿ ಆ ಕೊಲ್ಲಿಯಲ್ಲಿ ಕಾಣಿಸಿಕೊಂಡಿತ್ತು. ಸ್ಥಾವರವನ್ನು ೨೦೦೫ರಲ್ಲಿ ನಿಲ್ಲಿಸಿ, ಮೊದಲ ಸೋಸುವಿಕೆಯನ್ನು ಹೊಸದಾಗಿ ಕಟ್ಟಿ, ೨೦೦೭ರಲ್ಲಿ ಮತ್ತೆ ನಡೆಸಬೇಕಾಯಿತು.

ಎರಡನೆಯದು ಪರ್ಷಿಯಾ ಖಾರಿಯದು. ೨೦೦೮ರ ಆಗಸ್ಟಿನಲ್ಲಿ ಓಮಾನ್ ಕೊಲ್ಲಿಯ ಕಡೆಯಿಂದ ಕೊಕ್ಲೊಡಿನಿಯಂ ಎಂಬ ಸೂಕ್ಷ್ಮಜೀವಿಯು ಸಮುದ್ರವನ್ನೇ ಕೆಂಪಾಗಿಸಿ ಹಬ್ಬಿತು. ಎಂಟು ತಿಂಗಳಿಗೂ ಹೆಚ್ಚುಕಾಲ ಅದು ನಿಂತಿತು. ಮೀನುಗಳು ಸತ್ತುವು; ಅನೇಕ ನೀರಿನ ಸ್ಥಾವರಗಳನ್ನು ಮುಚ್ಚಬೇಕಾಯಿತು. ಕುಡಿಯುವ ನೀರಿಗೆ ಕಡಲನ್ನೇ ನೆಚ್ಚಿದ ನಾಡುಗಳಿಗೆ ಇದು ಎಂಥ ಭಯಂಕರ ಸಂಗತಿಯೆಂಬುದನ್ನು ಹೇಳಬೇಕಾಗಿಲ್ಲ. ನಮ್ಮವರೂ ಬಹುಸಂಖ್ಯೆಯಲ್ಲಿ ಆ ನಾಡುಗಳಲ್ಲಿ ಉದ್ಯೋಗಕ್ಕಾಗಿ ನೆಲೆಸಿದ್ದಾರೆ. ಆ ಅನುಭವದ ಮೇಲೆ, ನೀರಿನೊಳಕ್ಕೆ ಗಾಳಿಯ ಸಣ್ಣ ಗುಳ್ಳೆಗಳನ್ನು ಬಿಟ್ಟು ಪಾಚಿಯನ್ನು ಮೇಲಕ್ಕೆ ತೇಲಿಸಿ ಕೆನೆಯಂತೆ ತೆಗೆದುಹಾಕುವ ಕ್ರಮಕ್ಕೆ ಅಲ್ಲಿ ಪ್ರಾಶಸ್ತ್ಯ ಬಂದಿತು.

೭

ಎಷ್ಟು ಎಚ್ಚರದಿಂದಿದ್ದರೂ ಕೊಳೆಯು ಬಾರದಿರದು, ಬಂದುದನ್ನು ತೊಳೆಯಬೇಕು. ತೊಳೆಯುವುದರಲ್ಲಿಯೂ ಕ್ರಮವುಂಟು. ಪಾತ್ರೆ ತಿಕ್ಕುವವರು ಜಿಡ್ಡಿಗೆ ಸೀಗೆ ಅಥವಾ ಬೂದಿಯನ್ನೂ, ತಾಮ್ರದ ಕಿಲುಬಿಗೆ ಹುಣಿಸೆಯನ್ನೂ ಉಪಯೋಗಿಸುತ್ತಾರಲ್ಲವೆ? ಅದರಂತೆಯೇ ಲೋಳೆಗೂ ಸೇಂದ್ರಿಯ ಪದಾರ್ಥಕ್ಕೂ ಕ್ಷಾರ. ಸುಣ್ಣದ ಹಕ್ಕಳೆಗೂ ಕಬ್ಬಿಣಕ್ಕೂ ಆಮ್ಲ. ಕ್ಷಾರವೆಂದರೆ ಕಾಸ್ಟಿಕ್ ಸೋಡ ಮತ್ತು ಸಾಬೂನಿನ ಗುಣವುಳ್ಳ ಮಾರ್ಜಕಗಳು; ಆಮ್ಲವೆಂದರೆ ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ ಮೊದಲಾದುವು. ಎರಡು ಬಗೆಯ ಕೊಳೆಯೂ ಕೂಡಿರುವಾಗ ಸಾಧಾರಣವಾಗಿ ಕ್ಷಾರವನ್ನು ಮೊದಲು ಉಪಯೋಗಿಸಬೇಕು. ಆಮ್ಲವನ್ನೇ ಮೊದಲು ಹಾಕಿದರೆ ಕೆಲವು ಬಗೆಯ ಸೇಂದ್ರಿಯ ಕೊಳೆಯು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ತೊಳೆಯುವ ದ್ರವವನ್ನು ಉಗುರುಬೆಚ್ಚಗೆ ಮಾಡಿ ಕಡಿಮೆ ಒತ್ತಡದಲ್ಲಿ ಹರಿ ಬಿಡುತ್ತಾರೆ. ಒತ್ತಡ ಹೆಚ್ಚಾದರೆ ನೀರು ಪೊರೆಯನ್ನು ದಾಟಿ ಹೋಗುವಾಗ ಸಡಿಲವಾದ ಕೊಳೆಯನ್ನು ಮತ್ತೆ ಪೊರೆಗೇ ಅದುಮುತ್ತದೆ. ಮೊದಲು ಕದಡಿ ಬಂದ ದ್ರವವನ್ನು ಚೆಲ್ಲಿ, ಉಳಿದುದನ್ನು ಸುತ್ತಿಸಿ, ಕೆಲವು ಗಂಟೆಗಳ ಕಾಲ ನೆನೆಯಬಿಟ್ಟು, ಮತ್ತೆ ರಭಸದಿಂದ ಹರಿಸುತ್ತಾರೆ. ಕಾಲಮೀರಿ ಬಿಟ್ಟ ಕೊಳೆಯು ಹೀಗೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ತೀರ ಮೇಲಿಂದ ಮೇಲೆ ತೊಳೆದರೆ ಪೊರೆಯೇ ಸವೆಯುತ್ತದೆ. ಆದ್ದರಿಂದಲೇ ಸಕಾಲದಲ್ಲಿ ಕಂಡುಹಿಡಿಯುವುದಕ್ಕೆ ಇಷ್ಟು ಮಹತ್ತ್ವ.

ಆ ಸಕಾಲವನ್ನು ಇನ್ನೂ ಮುಂದಕ್ಕೆ ತರುವ ಯತ್ನಗಳು ನಡೆದಿವೆ. ಹಾಲೆಂಡಿನ ಫ್ರೌವನ್‌ವೆಲ್ಡರ್ ಮತ್ತು ಸಂಗಡಿಗರು ೨೦೦೬ರಲ್ಲಿ ಒಂದು ಚಿಕ್ಕ ಪೆಟ್ಟಿಗೆಯನ್ನು ಪ್ರಕಟಿಸಿದರು. ದೊಡ್ಡ ಸುರುಳಿಯಲ್ಲಿರುವ ಪೊರೆಯ ತುಂಡೂ ಬಲೆಯ ತುಂಡೂ ಅದರಲ್ಲಿರುತ್ತವೆ, ಮೇಲೆ ಕಿಟಕಿ. ಅದೇ ನೀರು ಅದರಲ್ಲಿಯೂ ಹರಿಯುತ್ತಿರಲಾಗಿ, ಒಳಗೆ ಕಾಣದುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ೨೦೦೯ರಲ್ಲಿ ಅವರು ಮತ್ತೊಂದನ್ನು ತೋರಿಸಿದರು: ಲೋಳೆಯ ಕೇಡು ಹೆಚ್ಚಾಗಿರುವುದು ಪೊರೆಗಿಂತಲೂ ನಡುವಣ ಬಲೆಯ ಸಂದಿನಲ್ಲಿ. ಲೋಬ್ ಮತ್ತು ಸೌರಿರಾಜನ್ ದುಡಿದ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿಯೇ ೨೦೦೭ರಲ್ಲಿ ಕೊಹೆನ್ ಮತ್ತು ಸಂಗಡಿಗರು ಹರಳುಗಳು ಹುಟ್ಟುವುದನ್ನೇ ಛಾಯಾಚಿತ್ರದಲ್ಲಿ ಹಿಡಿಯುವ ಉಪಕರಣವನ್ನು ಮಾಡಿದರು.

ತೊಳೆಯುವ ಉಪಾಯಗಳಲ್ಲಿ ಒಂದು ವಿಶೇಷವಾಗಿ ಹೇಳತಕ್ಕುದು. ಇಸ್ರೇಲಿನ ಇಂಜಿನಿಯರರು, ಸ್ಥಾವರವನ್ನು ನಿಲ್ಲಿಸದೆ, ಬಹು ದಟ್ಟವಾದ ಉಪ್ಪುನೀರನ್ನು ಸ್ವಲ್ಪ ಹೊತ್ತು ಪೊರೆಯ ಮೇಲೆ ಹರಿಸುವ ಕ್ರಮವನ್ನು ಬಳಕೆಗೆ ತಂದರು. ಆಗ ಹಿಂದಿನ ಸಿಹಿನೀರು ತನ್ನ ಸಹಜಸ್ವಭಾವದಂತೆ ಪೊರೆಯನ್ನು ಹಿಮ್ಮುಖವಾಗಿ ದಾಟಿ ಬರುತ್ತದೆ. ಬರುವಾಗ ಅಂಟಿದ ಕೊಳೆಯನ್ನು ಎಬ್ಬಿಸುತ್ತದೆ. ಯಾವ ಹರಿವನ್ನು ಹಿಂದಕ್ಕೊತ್ತುವುದಕ್ಕಾಗಿ ಇಷ್ಟೆಲ್ಲ ಯಂತ್ರಗಳನ್ನು ಕಟ್ಟಿದರೋ, ೧೭೪೮ರಲ್ಲಿ ನೊಲೆ ಪಾದ್ರಿಗಳು ಕಂಡ ಆ ಹರಿವೇ ಇಲ್ಲಿ ತೊಳೆಯುವ ಕೆಲಸಕ್ಕೆ ಒದಗಿತು.

೮

ಇದೆಲ್ಲ ದೂರದ ಮಾತೆಂದು ವಾಚಕರು ಭಾವಿಸಬಾರದು. ೧೯೫೪ರಲ್ಲಿ ಭಾವನಗರದಲ್ಲಿ ಸ್ಥಾಪಿತವಾದ ಲವಣ ಮತ್ತು ಸಮುದ್ರ ರಸಾಯನಗಳ ಸಂಶೋಧನಾಲಯದಲ್ಲಿ ಈ ಪೊರೆಗಳ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಚೆನ್ನೈ ನಗರಕ್ಕೆ ೨೦೧೦ರಿಂದ ಮೀಂಜೂರಿನಲ್ಲಿಯೂ, ೨೦೧೩ರಿಂದ ನೆಮ್ಮೇಲಿಯಲ್ಲಿಯೂ ಕಡಲ ನೀರನ್ನು ಸೋಸಿ ಕೊಡುತ್ತಿದ್ದಾರೆ. ನಮ್ಮ ಮಂಗಳೂರಿನಲ್ಲಿ, ಬೇಸಗೆಯಲ್ಲಿ ನೇತ್ರಾವತಿಯ ನೀರು ಸಾಲದೆ ಬರುತ್ತಿದ್ದುದರಿಂದ, ತೈಲ ಶುದ್ಧೀಕರಣದ ಕಾರ್ಖಾನೆಯವರು ಈ ಶತಮಾನದ ಮೂರನೆಯ ದಶಕದ ಆರಂಭದಲ್ಲಿ ದಿನಕ್ಕೆ ೩ ಕೋಟಿ ಲೀಟರಿನ ಸ್ಥಾವರವೊಂದನ್ನು ಕಟ್ಟಿದರು. ಅದಿರುವ ಸ್ಥಳದ ಹೆಸರು ತಣ್ಣೀರುಬಾವಿ. ಉಪ್ಪಿನ ಕಡಲ ಅಂಚಿನಲ್ಲಿ ಸಿಹಿನೀರಿನ ಬಾವಿಯೊಂದನ್ನು ತೋಡಿದ ಹಿಂದಿನವರ ನೆನಪು ಆ ಹೆಸರಿನಲ್ಲಿದ್ದರೆ ಆಶ್ಚರ್ಯವಿಲ್ಲ.

ಒಳನಾಡಿನಲ್ಲಿಯೂ ಹಳ್ಳಿಹಳ್ಳಿಯ ಶುದ್ಧನೀರಿನ ಘಟಕಗಳಲ್ಲಿರುವುದು ಇದೇ ಜಾತಿಯ ಪೊರೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಅದಕ್ಕೆ ಹಕ್ಕಳೆ ಕಟ್ಟುತ್ತದೆ. ಘಟಕವನ್ನು ತೆರೆಯುವ ದಿನ ತೋರಣವನ್ನು ಕಟ್ಟುವವರು ಅನೇಕರಿರುತ್ತಾರೆ. ಮರುದಿನದಿಂದ ಹರಿವನ್ನೂ ಒತ್ತಡವನ್ನೂ ಪುಸ್ತಕದಲ್ಲಿ ಬರೆದಿಡುವವನೊಬ್ಬನು ಬೇಕು. ಅವನಿಲ್ಲದಿದ್ದರೆ ಎಷ್ಟು ಬೆಲೆಯ ಯಂತ್ರವಾದರೂ ಕೆಲವೇ ಕಾಲದಲ್ಲಿ ಮೂಲೆಗೆ ಬೀಳುವುದು.

ಪೊರೆಯನ್ನು ಕಂಡುಹಿಡಿದವರಿಗೆ ನಾವು ಕೃತಜ್ಞರಾಗಿರತಕ್ಕುದು ನ್ಯಾಯ. ಆದರೆ ಆ ಪೊರೆಯು ಇಂದಿಗೂ ನೀರು ಕೊಡುತ್ತಿರುವುದು, ಕೊಳೆಯು ಎಂದಿಗೂ ಮುಗಿಯದೆಂಬುದನ್ನು ಒಪ್ಪಿಕೊಂಡು, ದಿನದಿನವೂ ಅಳೆದು, ಕಾಲವರಿತು ತೊಳೆಯುವವರಿಂದ. ಸಮುದ್ರವು ಜೀವಿಗಳಿಂದ ತುಂಬಿದೆ. ಅವು ಪೊರೆಯ ಮೇಲೆ ಬಂದು ನೆಲಸುವುದು ಅವುಗಳ ಧರ್ಮ. ಅವುಗಳನ್ನು ಒಂದೇ ಏಟಿಗೆ ನಿರ್ಮೂಲಮಾಡಹೊರಟವರಿಗೆ ಕ್ಲೋರೀನು ಕಲಿಸಿದ ಪಾಠವನ್ನು ಮೇಲೆ ನೋಡಿದೆವು. ನೀರಿನ ಬೆಲೆ ಏರುತ್ತಿರುವ ಈ ಕಾಲದಲ್ಲಿ ನಮ್ಮ ಊರುಗಳವರು ಹೊಸ ಸ್ಥಾವರವನ್ನು ಕೇಳುವಾಗ, ಅದನ್ನು ತೊಳೆಯುವವರು ಯಾರು, ಅದರ ಲೆಕ್ಕವನ್ನು ಬರೆಯುವವರು ಯಾರು ಎಂಬ ಎರಡು ಪ್ರಶ್ನೆಗಳನ್ನೂ ಜೊತೆಯಲ್ಲಿ ಕೇಳುವಂತಾದರೆ ಈ ಲೇಖನವನ್ನು ಬರೆದುದು ಸಾರ್ಥಕವಾಗುವುದು.